ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಆಂಟಿಬಯೋಟಿಕ್ ತೆಗೆದುಕೊಳ್ಳುವಾಗ



ಅಡಿಕೆ, ಕೋಕೋ ತೋಟಗಳಲ್ಲಿ ಇಲಿಗಳಿಗೆಂದು ನಾವು ಇಡುವ ಬ್ರೋಮಾಡಿಯೋಲೋನ್ ಬಿಲ್ಲೆಗೂ, ಹೃದಯದ ಕವಾಟ ಬದಲಿಸಿಕೊಂಡವರು ದಿನವೂ ನುಂಗುವ ವಾರ್ಫರಿನ್ ಮಾತ್ರೆಗೂ ಹತ್ತಿರದ ನೆಂಟಸ್ತಿಕೆಯಿದೆ. ಎರಡೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಇದು ಪತ್ತೆಯಾದದ್ದು ರೈತರ ಕೊಟ್ಟಿಗೆಯಲ್ಲಿಯೇ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. 1933ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಒಬ್ಬ ರೈತ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ತಂಡ ಅದರ ಬೆನ್ನುಹತ್ತಿತು. 1948ರಲ್ಲಿ ಇಲಿ ಪಾಷಾಣವಾಗಿ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾಯಿತು. ಪಾಷಾಣಕ್ಕೂ ಮದ್ದಿಗೂ ನಡುವೆ ಇರುವ ಅಂತರ ಪ್ರಮಾಣದ್ದು ಮಾತ್ರ. ಆಂಟಿಬಯೋಟಿಕ್ ಮಾತ್ರೆಗಳು ಕೆಡಿಸುವುದು ಆ ಪ್ರಮಾಣವನ್ನೇ.

ನಮ್ಮಲ್ಲಿ ವಾರ್ಫರಿನ್ನಿನ ಜೊತೆಗೆ ಅಸಿಟ್ರಾಮ್ ಎಂಬ ಹೆಸರಿನ ಮಾತ್ರೆಯೂ ಹೆಚ್ಚು ಬಳಕೆಯಲ್ಲಿದೆ. ಎರಡೂ ಒಂದೇ ಜಾತಿಯವು. ಬಾಲ್ಯದಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಟ್ಟವರು, ಹೃದಯದ ಬಡಿತ ತಾಳ ತಪ್ಪಿದ ಹಿರಿಯರು, ಕಾಲಿನ ರಕ್ತನಾಳದಲ್ಲಿ ರಕ್ತ ಗಡ್ಡೆಕಟ್ಟಿದವರು ಇವನ್ನು ನುಂಗುತ್ತಾರೆ.

ಕಾಫಿ ಕೊಯ್ಲಿಗೆ ಉತ್ತರ ಕರ್ನಾಟಕದಿಂದ ಆಳುಗಳು ಬರುವುದು ನಮಗೆಲ್ಲ ತಿಳಿದದ್ದೇ. ವಿಜಯಪುರ ಜಿಲ್ಲೆಯ ಘೋಣಸಗಿಯಿಂದ ಬಂದ ಹೆಣ್ಣುಮಗಳೊಬ್ಬಳಿಗೆ ಕವಾಟದ ಶಸ್ತ್ರಕ್ರಿಯೆ ಆಗಿದೆಯೆಂದು ಇಟ್ಟುಕೊಳ್ಳೋಣ. ಆಕೆಯ ಮಾತ್ರೆಯ ಪ್ರಮಾಣ ಗೊತ್ತುಮಾಡಿದ ವೈದ್ಯರು ವಿಜಯಪುರದಲ್ಲಿದ್ದಾರೆ. ಇಲ್ಲಿ ಭೇದಿಯಾದಾಗ ಮಾತ್ರೆ ಕೊಡುವವರು ನಮ್ಮ ಪೇಟೆಯ ಔಷಧಿ ಅಂಗಡಿಯವರು. ಆಕೆ ಹೇಳುವುದಿಲ್ಲ, ಇವರು ಕೇಳುವುದಿಲ್ಲ. ನಾಲ್ಕೈದು ದಿನದಲ್ಲಿ ವಸಡಿನಿಂದ ರಕ್ತ ಒಸರಿದರೆ, ಹಲ್ಲಿನ ತೊಂದರೆಯೆಂದು ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುವುದು ಸಹಜ. ಅಪಾಯವಿರುವುದು ಅಲ್ಲಿಯೇ.

ಕಾರಣ ಹೀಗಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ‘ಕೆ’ ಜೀವಸತ್ವದ ನೆರವಿನಿಂದ ತಯಾರಿಸುತ್ತದೆ. ವಾರ್ಫರಿನ್ ಈ ಜೀವಸತ್ವ ಮತ್ತೆ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತದೆ. ವಾರ್ಫರಿನ್ನನ್ನು ಒಡೆದು ಹೊರಹಾಕುವ ಕೆಲಸವೂ ಯಕೃತ್ತಿನದೇ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ (ಫ್ಲಾಜಿಲ್), ಮೂತ್ರದ ಉರಿಗೆ ಕೊಡುವ ಕೋಟ್ರೈಮಾಕ್ಸಜೋಲ್ (ಸೆಪ್ಟ್ರಾನ್), ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಇವು ಯಕೃತ್ತಿನ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ನುಂಗಿದ್ದು ಎಂದಿನ ಒಂದೇ ಮಾತ್ರೆಯಾದರೂ ಮೈಯಲ್ಲಿ ಅದರ ಬಲ ಏರುತ್ತಾ ಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಎರಿತ್ರೊಮೈಸಿನ್ ಮುಂತಾದವುಗಳಲ್ಲಿಯೂ ಎಚ್ಚರ ಬೇಕು. ಸಾಲದುದಕ್ಕೆ ಕರುಳಿನಲ್ಲಿದ್ದು ‘ಕೆ’ ಜೀವಸತ್ವ ತಯಾರಿಸುವ ಸೂಕ್ಷ್ಮಜೀವಿಗಳೂ ಆಂಟಿಬಯೋಟಿಕ್‌ನಿಂದ ಸಾಯುತ್ತವೆ; ಜ್ವರದಲ್ಲಿ ಊಟ, ಸೊಪ್ಪು ಸೇರುವುದಿಲ್ಲ.

ಕ್ಷಯರೋಗದ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ. ಅದು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ವಾರ್ಫರಿನ್ನಿನ ಬಲ ಕುಗ್ಗಿಸುತ್ತದೆ. ಆಗ ವೈದ್ಯರು ವಾರ್ಫರಿನ್ ಏರಿಸಬೇಕಾಗುತ್ತದೆ. ಆರು ತಿಂಗಳ ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ಮೇಲೆ ಏರಿಸಿದ್ದನ್ನು ಇಳಿಸಲು ಮರೆತರೆ, ರೋಗ ವಾಸಿಯಾಯಿತೆಂಬ ಸಂತೋಷದ ನಡುವೆಯೇ ರಕ್ತಸ್ರಾವ ಶುರುವಾದೀತು.

ಹಾಗೆಂದು ಆಂಟಿಬಯೋಟಿಕ್ ಬೇಡವೆನ್ನುವುದು ತಪ್ಪು. ಕವಾಟ ಬದಲಿಸಿಕೊಂಡವರಿಗೆ ಸೋಂಕು ಕವಾಟಕ್ಕೇ ತಗಲುವ ಭಯವಿದೆ. ತಾವಾಗಿಯೇ ವಾರ್ಫರಿನ್ ಬಿಡುವುದೂ ಕೂಡದು. ಕವಾಟದಲ್ಲಿ ರಕ್ತ ಗಡ್ಡೆಕಟ್ಟಿ ಜೀವಕ್ಕೇ ಕುತ್ತು ಬಂದೀತು. ಮಾಡಬೇಕಾದದ್ದು ಐ.ಎನ್.ಆರ್. ಎಂಬ ರಕ್ತಪರೀಕ್ಷೆ. ಬೋರ್ಡೋ ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ, ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುತ್ತೇವಲ್ಲ, ಇದೂ ಅಂಥದೇ ಪರೀಕ್ಷೆ. ಸಾಮಾನ್ಯವಾಗಿ 2ರಿಂದ 3, ಕೆಲವು ಕವಾಟಗಳಿಗೆ ತುಸು ಹೆಚ್ಚು ಇರಬೇಕು. ಆಂಟಿಬಯೋಟಿಕ್ ಆರಂಭಿಸಿದ ಮೂರರಿಂದ ಐದು ದಿನದೊಳಗೆ ಒಮ್ಮೆ, ಅದು ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಪ್ರಮಾಣ ಬದಲಿಸುವುದು ವೈದ್ಯರಿಗೆ ಬಿಟ್ಟ ವಿಷಯ.

ಮೈಕೈ ನೋವಿಗೆಂದು ಬ್ರುಫೆನ್, ಡೈಕ್ಲೊಫೆನಾಕ್ ಕೇಳಿ ತರುವ ರೂಢಿಯನ್ನೂ ಇಂಥವರು ಬಿಡಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ ಎದ್ದರೆ, ತಲೆಗೆ ಪೆಟ್ಟು ಬಿದ್ದರೆ ಅಥವಾ ತಡೆಯಲಾರದ ತಲೆನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ‘ಕೆ’ ಜೀವಸತ್ವ ಕೊಟ್ಟು ಔಷಧದ ಬಲ ಇಳಿಸುವ ಉಪಾಯವಿದೆ. ಹೋಗುವಾಗ ಮಾತ್ರೆಯ ಪಟ್ಟಿಯನ್ನೂ ಹಿಂದಿನ ಐ.ಎನ್.ಆರ್. ಚೀಟಿಗಳನ್ನೂ ಒಯ್ಯಬೇಕು. ಸದಸ್ಯರು ಕೊಯ್ಲಿನ ಆಳುಗಳ ಹೆಸರು ಬರೆದುಕೊಳ್ಳುವಾಗಲೇ, ಹೃದಯದ ಮಾತ್ರೆ ನುಂಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಮತ್ತೊಂದು ಮಾತು. ಕೀಲುವಾತದ ಜ್ವರ ಮರುಕಳಿಸದಿರಲೆಂದು ಮೂರು ವಾರಕ್ಕೊಮ್ಮೆ ಚುಚ್ಚುವ ಪೆನ್ಸಿಲಿನ್ ಕೂಡ ಆಂಟಿಬಯೋಟಿಕ್ಕೇ. ಆದರೆ ಈ ಲೇಖನ ಓದಿ ಹೆದರಿ ಅದನ್ನು ಯಾರೂ ನಿಲ್ಲಿಸಬಾರದು.