ಕೀಲಿಕೈ ಯಾರ ಕಿಸೆಯಲ್ಲಿತ್ತು?

ಭಾಲ್ಕಿಯವನಿಗೂ ದೋಣಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಬ್ಯಾಲಹಳ್ಳಿ ಹತ್ತಿರದ ಕಾರಂಜಾ ಜಲಾಶಯ ಬಿಟ್ಟರೆ ನಾನು ಚಿಕ್ಕವನಿದ್ದಾಗ ದೊಡ್ಡ ನೀರು ನೋಡಿದವನೇ ಅಲ್ಲ. ಮಾಂಜ್ರಾ ನದಿ ಇತ್ತು, ಆದರೆ ಬೇಸಿಗೆ ಬಂತೆಂದರೆ ಅದನ್ನು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದೆವು. ನೀರಿನ ಯಂತ್ರ ಅಂತ ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಹೊಲದ ಬಾವಿಯ ಮೋಟಾರು.

ಈಗ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸ. ಊರಿನ ಉತ್ತರಕ್ಕೆ ವೈಮಕಾರಿರಿ ಅಂತ ಒಂದು ನದಿ. ಅಗಲವಾದ ಪಾತ್ರ, ತುಂಬಾ ಉರುಟು ಕಲ್ಲು, ನಡುವೆ ಹೆಣೆದ ಜಡೆಯ ಎಳೆಗಳ ಹಾಗೆ ಹತ್ತಾರು ತೆಳ್ಳನೆಯ ಹರಿವು. ಮೊದಲ ಸಲ ನೋಡಿದಾಗ ಬೇಸಿಗೆಯ ಮಾಂಜ್ರಾ ನೆನಪಾಯಿತು. ವ್ಯತ್ಯಾಸ ಇಷ್ಟೇ, ಇಲ್ಲಿಯ ನೀರಿಗೆ ಕಾಲಿಟ್ಟರೆ ಮೂಳೆ ಜುಮ್ಮೆನ್ನುತ್ತದೆ, ಹರಿವೂ ಜೋರು.

ಇಂಥ ನದಿಯಲ್ಲಿ ಮಾಮೂಲಿ ದೋಣಿ ಓಡಿಸಿದರೆ ಕೆಳಗೆ ತಿರುಗುವ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿಯುತ್ತದೆ. ಅದಕ್ಕೇ ಇಲ್ಲಿನ ಕುರಿ ಸಾಕುವ ರೈತ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ಬೋಟ್ ರೂಪಿಸಿದರು. ನೀರನ್ನು ತಳದಿಂದ ಹೀರಿ, ಹಿಂದಿನಿಂದ ಜೋರಾಗಿ ಉಗುಳಿ ಮುಂದೆ ಹೋಗುವ ದೋಣಿ. ಹೊರಗೆ ಚಾಚಿಕೊಂಡ ಪ್ರೊಪೆಲ್ಲರ್ ಇಲ್ಲ, ವೇಗ ಹಿಡಿದ ಮೇಲೆ ಒಂದು ಗೇಣು ನೀರಿದ್ದರೂ ಸಾಕು. 1960ರಲ್ಲಿ ಈ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಕೊಲರಾಡೊ ನದಿಯನ್ನು ಹರಿವಿಗೆ ಎದುರಾಗಿ ಏರಿದವು. ನಮಗೆ ಹತ್ತಿರದ ಕಥೆ 1977ರದು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟುಗಳಲ್ಲಿ ಬಂಗಾಳದ ಸಮುದ್ರದಂಚಿನಿಂದ ಹೊರಟು ಗಂಗೆಯಲ್ಲಿ ಮೇಲೆ ಮೇಲೆ ಹೋದರು. ಹಿಮಾಲಯದ ನಂದಪ್ರಯಾಗದ ಬಳಿ ಜಲಪಾತ ಅಡ್ಡ ಬಂದ ಮೇಲೆಯೇ ದೋಣಿ ನಿಂತದ್ದು.

ನಮ್ಮ ದೋಣಿ ನಿಂತದ್ದು ಮಾತ್ರ ಒಂದು ಹಗ್ಗದಿಂದ. ಆ ಹಗ್ಗ ನನ್ನ ಜವಾಬ್ದಾರಿ.

ದೋಣಿ ಗೆಳೆಯನದು. ಹಾಸನದ ಕಡೆಯವನು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಅವತ್ತು ಅವನು, ಅವನ ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ನಾನು. ಕಲ್ಲುದಂಡೆಗೆ ದೋಣಿ ತಾಗಿಸಿ ಚಹಾ ಕುಡಿದೆವು, ಚೂಡಾ ತಿಂದೆವು. ಹೊರಡುವಾಗ ನಾನು ದೋಣಿ ತಳ್ಳಿ ಹತ್ತಿದೆ. ಮೂತಿಗೆ ಕಟ್ಟಿದ ನೈಲಾನ್ ಹಗ್ಗವನ್ನು ಸುತ್ತಿ ಒಳಗೆ ಇಡಬೇಕಿತ್ತು, ಹಾಗೇ ಮೇಲೆ ಎಸೆದೆ. ಅದು ಯಾವಾಗ ಜಾರಿ ನೀರಿಗೆ ಬಿತ್ತೋ ಯಾರೂ ನೋಡಲಿಲ್ಲ. ಗೆಳೆಯ ಎಂಜಿನ್ ಶುರು ಮಾಡಿದ. ಎರಡೇ ಸೆಕೆಂಡ್. ಕೆಳಗಿನಿಂದ ಗುಡುಗುಡು ಸದ್ದು, ಒಂದು ಜಗ್ಗು, ಎಂಜಿನ್ ಬಂದ್. ಹಗ್ಗ ಮೂತಿಯಿಂದ ತಳದ ಕಡೆಗೆ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು.

ಇಲ್ಲೊಂದು ವಿಷಯ ಹೇಳಲೇಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಕಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಗಾಲಿಗೂ ಎಂಜಿನ್‌ಗೂ ಸಂಬಂಧ ಕಡಿಯುತ್ತದೆ. ಬಹಳಷ್ಟು ಜೆಟ್ ಬೋಟುಗಳಲ್ಲಿ ಹಾಗಿಲ್ಲ. ಎಂಜಿನ್ ನೇರವಾಗಿ ಪಂಪಿಗೆ ಜೋಡಿಸಿರುತ್ತದೆ. ಹಿಂದೆ ಬರುವ ನೀರಿಗೆ ಒಂದು ಮುಚ್ಚಳ ಅಡ್ಡ ಬಂದು, ಅರ್ಧ ಹಿಂದಕ್ಕೆ ಅರ್ಧ ಮುಂದಕ್ಕೆ ತಿರುಗಿಸಿ ದೋಣಿಯನ್ನು ನಿಲ್ಲಿಸುತ್ತದೆ, ಅಷ್ಟೇ. ನಿಂತಿದ್ದರೂ ಒಳಗೆ ರೆಕ್ಕೆ ತಿರುಗುತ್ತಲೇ ಇರುತ್ತದೆ, ತಳ ನೀರನ್ನು ಹೀರುತ್ತಲೇ ಇರುತ್ತದೆ. ತಳದಲ್ಲಿ ಸರಳಿನ ಜಾಲರಿ ಇದೆ, ಅದು ಕಲ್ಲು ತಡೆಯುತ್ತದೆ. ಹಗ್ಗಕ್ಕೆ ಆ ಸಂದು ಧಾರಾಳ.

ಎಂಜಿನ್ ಇಲ್ಲದ ದೋಣಿ ಹರಿವಿನ ಕೈಗೆ ಸಿಕ್ಕಿತು. ಕೆಳಗೆ ತಿರುವಿನಲ್ಲಿ ಒಂದು ದೊಡ್ಡ ವಿಲೋ ಮರ ನೀರಿಗೆ ಬಾಗಿತ್ತು. ಇಂಥ ಮರಗಳ ಕೊಂಬೆಗಳ ನಡುವೆ ನೀರು ಜರಡಿ ಹಿಡಿದಂತೆ ಹೋಗುತ್ತದೆ, ಮನುಷ್ಯ ಹೋದರೆ ಸಿಕ್ಕಿಬೀಳುತ್ತಾನೆ. ಇಬ್ಬರೂ ಹಾರಿದೆವು. ಪುಣ್ಯಕ್ಕೆ ಸೊಂಟದವರೆಗಷ್ಟೇ ನೀರು. ದೋಣಿಯನ್ನು ಎಳೆದು ಕಲ್ಲುದಂಡೆಗೆ ಮೂತಿ ಹತ್ತಿಸಿದ ಮೇಲೆ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗೋ ಹೆದರಿಕೆಗೋ.

"ಗುರೂ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ? ಉಗುಳಿಬಿಟ್ರೂ ಬಿಡ್ಬಹುದು" ಅಂದ ಗೆಳೆಯ.

ಮಾಡಲಿಲ್ಲ, ಒಳ್ಳೆಯದಾಯಿತು. ತಿರುಗುವ ಶಾಫ್ಟಿಗೆ ಸುತ್ತಿಕೊಂಡ ಹಗ್ಗ ಇನ್ನೊಮ್ಮೆ ತಿರುಗಿಸಿದರೆ ಇನ್ನಷ್ಟು ಬಿಗಿಯುತ್ತದೆ. ತಿಕ್ಕಾಟದ ಬಿಸಿಗೆ ಪ್ಲಾಸ್ಟಿಕ್ ಹಗ್ಗ ಕರಗಿ ಗಟ್ಟಿ ಬಳೆಯಂತಾಗುವುದೂ ಉಂಟು. ನೀರಿನ ಮೇಲೆ ತೇಲುವ ಪಾಲಿಪ್ರೊಪಿಲೀನ್ ಹಗ್ಗವಂತೂ ಸುಮಾರು 160 ಡಿಗ್ರಿಗೇ ಮೆತ್ತಗಾಗುತ್ತದೆ. ಮೇಲಾಗಿ ಎಷ್ಟೋ ದೋಣಿಗಳ ಎಂಜಿನ್ ತಂಪಾಗುವುದೂ ಇದೇ ಪಂಪಿನ ನೀರಿನಿಂದ. ಬಾಯಿ ಕಟ್ಟಿದ ಪಂಪಿನೊಂದಿಗೆ ಓಡಿಸಿದರೆ ಹಗ್ಗದ ಖರ್ಚು ಎಂಜಿನ್‌ವರೆಗೆ ಹೋಗುತ್ತದೆ.

ದೋಣಿಯ ಒಳಗೆ, ಪಂಪಿನ ಮೇಲೆ ಒಂದು ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ನೇರ ಶಾಫ್ಟಿಗೇ ಕೈ ಹೋಗುತ್ತದೆ. ತೆಗೆಯುವ ಮುಂಚೆ ಭಾರವನ್ನು ಮೂತಿಯ ಕಡೆಗೆ ಸರಿಸಬೇಕು, ಹಿಂಭಾಗ ತಗ್ಗಿದ್ದರೆ ಅಲ್ಲಿಂದ ನೀರು ಒಳಗೆ ಬಂದೀತು. ಐಸ್ ಬಾಕ್ಸು, ಬ್ಯಾಗು ಎಲ್ಲ ಮುಂದೆ ಹೋದವು. ಮುಚ್ಚಳ ತೆಗೆದು ತೋಳಿನವರೆಗೆ ಕೈ ಬಿಟ್ಟೆ. ಕಣ್ಣಿಗೇನೂ ಕಾಣದು, ಬೆರಳೇ ಕಣ್ಣು. ಶಾಫ್ಟ್ ಸಿಕ್ಕಿತು, ಅದರ ಮೇಲೆ ಬುಗುರಿಗೆ ಸುತ್ತಿದ ಹಾಗೆ ಹಗ್ಗ. ಇನ್ನೂ ಹಿಂದೆ ಸರಿದರೆ ರೆಕ್ಕೆಯ ಅಂಚು, ಚೂಪು.

ಆಗ ಮುಂದಿನಿಂದ ಮಗಳ ದನಿ.

"ಅಂಕಲ್, ಬೋರಾಗ್ತಿದೆ. ಹಾಡು ಹಾಕ್ಲಾ?"

ತಲೆ ಎತ್ತಿದೆ. ಅವಳು ಅಪ್ಪನ ಸೀಟಿನಲ್ಲಿ ಕೂತಿದ್ದಳು. ಸ್ಟೀರಿಯೊ ಹಾಡಬೇಕಾದರೆ ಕೀಲಿಕೈ ಒಂದು ಸುತ್ತು ತಿರುಗಿಸಬೇಕು. ಇನ್ನೊಂದು ಸುತ್ತಿಗೆ ಎಂಜಿನ್. ಅವಳ ಬೆರಳು ಕೀಲಿಕೈ ಮೇಲಿತ್ತು.

ಏನು ಕೂಗಿದೆನೋ ನೆನಪಿಲ್ಲ. ಭಾಲ್ಕಿ ಕನ್ನಡದಲ್ಲೇ ಕೂಗಿರಬೇಕು, ಆ ಹುಡುಗಿಗೆ ಅರ್ಥವಾಗದಿದ್ದರೂ ಕೈ ಹಿಂದೆ ತೆಗೆದಳು. ಅವಳದೇನೂ ತಪ್ಪಿಲ್ಲ. ಇಬ್ಬರು ಎಂಜಿನಿಯರುಗಳು ಕೀಲಿಕೈ ಬಿಟ್ಟು ಹಿಂದೆ ಹೋಗಿದ್ದೆವು. ನಾನು ಕೈ ಹೊರಗೆ ತೆಗೆದು ಐದೂ ಬೆರಳು ಮಡಚಿ ನೋಡಿಕೊಂಡೆ. ಗೆಳೆಯ ಮಾತಾಡದೆ ಎದ್ದು ಹೋಗಿ ಕೀಲಿಕೈ ಕಿತ್ತು ನನ್ನ ಲೈಫ್ ಜಾಕೆಟ್ಟಿನ ಕಿಸೆಗೆ ಹಾಕಿದ. ಆಮೇಲೆ ಬ್ಯಾಟರಿಯ ವೈರನ್ನೂ ಬಿಚ್ಚಿದ.

ಉಳಿದದ್ದು ಬರೀ ತಾಳ್ಮೆಯ ಕೆಲಸ. ಮೊದಲು ಮೂತಿಯ ಕಡೆಯ ಗಂಟು ಬಿಚ್ಚಿ ಬಿಗಿ ಇಳಿಸಿದೆವು. ಹಗ್ಗ ಎಳೆಯುವ ಹುಮ್ಮಸ್ಸು ಬರುತ್ತದೆ, ಎಳೆಯಬಾರದು, ಗಂಟು ಕಚ್ಚಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲೇ ತಿರುಗುವಷ್ಟು ಹಗುರ. ಒಬ್ಬ ಶಾಫ್ಟನ್ನು ಉಲ್ಟಾ ದಿಕ್ಕಿಗೆ ಇಷ್ಟಿಷ್ಟೇ ತಿರುಗಿಸುವುದು, ಇನ್ನೊಬ್ಬ ತುದಿ ಹುಡುಕಿ ಬಿಚ್ಚುವುದು. ತಿರುಗಿಸುವಾಗಲೆಲ್ಲ "ಕೈ ತೆಗೆದೆ" ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ತಿರುಗಿಸಬೇಕು. ನಾಲ್ಕು ಸುತ್ತು ಹಾಗೆ ಬಂತು. ಕೊನೆಯ ಮೂರು ಸುತ್ತು ಬರಲೇ ಇಲ್ಲ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ, ಶಾಫ್ಟಿನ ಉದ್ದಕ್ಕೆ, ಗೀಚಿ ಗೀಚಿ ಕತ್ತರಿಸಿದೆ. ತುಂಡುಗಳನ್ನೆಲ್ಲ ಕಲ್ಲಿನ ಮೇಲೆ ಜೋಡಿಸಿ, ಹಗ್ಗದ ಮೊದಲಿನ ಉದ್ದಕ್ಕೆ ಸರಿಹೋಗುತ್ತದಾ ಅಂತ ಅಳೆದೆವು. ಒಂದು ತುಂಡು ಒಳಗುಳಿದರೂ ರೆಕ್ಕೆಯ ಸಂದಿಗೆ ಹೋಗುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ನಿಧಾನವಾಗಿ ವಾಪಸ್ ಬಂದೆವು, ಯಾರೂ ಹಾಡು ಕೇಳಲಿಲ್ಲ.

ನಿಮ್ಮಲ್ಲಿ ಯಾರಾದರೂ ರಜೆಗೆ ಕರಾವಳಿಗೆ ಹೋಗಿ ಜೆಟ್ ಸ್ಕೀ ಹತ್ತುವವರಿದ್ದರೆ, ಅದರ ಹೊಟ್ಟೆಯಲ್ಲೂ ಇಂಥದೇ ಪಂಪು ಇದೆ. ಕೈಗೆ ಅಥವಾ ಜಾಕೆಟ್ಟಿಗೆ ಒಂದು ಸುರುಳಿ ದಾರ ಸಿಕ್ಕಿಸುತ್ತಾರಲ್ಲ, ಅದು ಕಿತ್ತರೆ ಎಂಜಿನ್ ನಿಲ್ಲುತ್ತದೆ. ಫೋಟೊಕ್ಕೆ ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಿಡಬೇಡಿ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಜೆಟ್ ಬೋಟ್ ವಿವರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಅಂದ್ರ ನಮ್ಮ ಬಾವಿ ಮೋಟಾರೇ ಅದಲ್ಲ. ಫುಟ್‌ವಾಲ್‌ಗೆ ಹಗ್ಗ ಸಿಕ್ಕದ, ಅಷ್ಟೇ."

ಅಷ್ಟೇ. ನಮ್ಮ ಬಾವಿಗೆ ಆಟೋ ಸ್ಟಾರ್ಟರ್ ಕೂಡಿಸಿದ ದಿನದಿಂದ ಅಪ್ಪ ಒಂದು ರೂಢಿ ಮಾಡಿಕೊಂಡಿದ್ದಾರೆ. ಹೋದ ಕರೆಂಟು ಬಂದರೆ ಮೋಟಾರು ಯಾರನ್ನೂ ಕೇಳದೆ ತಾನೇ ಶುರುವಾಗುತ್ತದೆ. ಅದಕ್ಕೆ ಮೋಟಾರು ಮುಟ್ಟುವ ಮುಂಚೆ ಮೂರೂ ಫ್ಯೂಸ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಇಡುವುದಿಲ್ಲ, ನನ್ನ ಕೈಗೂ ಕೊಡುತ್ತಿರಲಿಲ್ಲ. ಹುಡುಗನಾಗಿದ್ದಾಗ ಇದು ನನಗೆ ತಮಾಷೆಯಾಗಿತ್ತು.

"ಮತ್ತ ಫ್ಯೂಸ್ ಎಲ್ಲಿತ್ತು?" ಅಂದರು.

"ನನ್ನ ಕಿಸೆದಾಗೇ ಇತ್ತಪ್ಪಾ."

"ಕೈ ಹಾಕೂ ಮೊದಲು?"

ನಾನು ಊಟ ಆಯ್ತಾ ಅಂತ ಕೇಳಿದೆ.