ನಾಯಕತ್ವ ಕಲಿಸುವ ಕಂಪೆನಿಯ ನೌಕರರು

ನೌಕರನಿಗೆ ಅನ್ಯಾಯವಾದಾಗ ಆತನು ತನ್ನ ಅಹವಾಲನ್ನು ಯಾರ ಬಳಿಗೆ ಒಯ್ಯಬೇಕೆಂಬುದು ಹಳೆಯ ಪ್ರಶ್ನೆ. ಗಿರಣಿಯಲ್ಲಾದರೆ ಕಾರ್ಮಿಕ ಸಂಘವುಂಟು. ಸರ್ಕಾರಿ ಕಚೇರಿಯಲ್ಲಾದರೆ ಮೇಲಧಿಕಾರಿಗೆ ಮನವಿ, ಅಲ್ಲಿಯೂ ಸಲ್ಲದಿದ್ದರೆ ಅವರಿಗೂ ಮೇಲಿನವರಿಗೆ ಮನವಿ ಉಂಟು. ಆದರೆ ಕಂಪೆನಿಯು ಮಾರುವ ಸರಕೇ ಸದ್ಗುಣವಾಗಿದ್ದರೆ, ಧೈರ್ಯ, ಸಂಯಮ, ಮುಂದಾಳುತನ ಇವುಗಳನ್ನು ಪಾಠ ಹೇಳಿ ಹಣ ಪಡೆಯುವುದೇ ಅದರ ವ್ಯಾಪಾರವಾಗಿದ್ದರೆ, ಅಲ್ಲಿ ದುಡಿಯುವವನು ದೂರು ಹೇಳುವುದೆಂತು? ದೂರಿದವನನ್ನು ಕುರಿತು ‘ಇವನಿಗೆ ಪಾಠವಿನ್ನೂ ಹತ್ತಿಲ್ಲ’ ಎಂದುಬಿಟ್ಟರೆ ವಿಚಾರಣೆಯೇ ಮುಗಿದುಹೋಯಿತು. ಇದು ಬರಿಯ ತರ್ಕದ ಮಾತಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇಪ್ಪತ್ತು ವರ್ಷಗಳ ಕಾಲ ನಡೆದು 2018ರಲ್ಲಿ ಬಾಗಿಲು ಹಾಕಿದ ಒಂದು ಕಂಪೆನಿಯ ವೃತ್ತಾಂತವು ಇದಕ್ಕೆ ಸಾಕ್ಷಿಯಾಗಿ ನಿಂತಿದೆ.

ದೊಡ್ಡ ಹುದ್ದೆಯಲ್ಲಿರುವವರಿಗೆ ಆ ಹುದ್ದೆಯನ್ನು ನಿರ್ವಹಿಸುವ ಬಗೆಯನ್ನು ಹೇಳಿಕೊಡುವ ಕಸುಬಿಗೆ ಆ ದೇಶದಲ್ಲಿ ಎಕ್ಸಿಕ್ಯುಟಿವ್ ಕೋಚಿಂಗ್ ಎಂದು ಹೆಸರು. ಬೆಂಗಳೂರಿನ ಕಚೇರಿಗಳಿಗೂ ಈ ಹೆಸರು ಈಗ ಅಪರಿಚಿತವಲ್ಲ. ವೈದ್ಯನಿಗೆ ಸನ್ನದು ಬೇಕು, ವಕೀಲನಿಗೆ ಸನ್ನದು ಬೇಕು. ಮನುಷ್ಯನ ಅಂತರಂಗವನ್ನು ತಿದ್ದುವೆನೆನ್ನುವ ಕೋಚಿಗೆ ಮಾತ್ರ ಸರ್ಕಾರದ ಯಾವ ಸನ್ನದೂ ಬೇಡ! ನ್ಯೂಯಾರ್ಕ್ ಪ್ರಾಂತದ ಆಲ್ಬನಿ ನಗರದ ಬಳಿ 1998ರಲ್ಲಿ ಕೀತ್ ರನೀರಿ ಎಂಬಾತನೂ ನ್ಯಾನ್ಸಿ ಸಾಲ್ಜ್‌ಮನ್ ಎಂಬಾಕೆಯೂ ಕೂಡಿ ‘ಎಕ್ಸಿಕ್ಯುಟಿವ್ ಸಕ್ಸೆಸ್ ಪ್ರೋಗ್ರಾಮ್ಸ್’ ಎಂಬ ವ್ಯಾಪಾರವನ್ನು ಆರಂಭಿಸಿದರು. ಮುಂದೆ ಅದಕ್ಕೆ ನೆಕ್ಸಿಯಮ್ ಎಂಬ ಹೆಸರು ಬಿತ್ತು. ಆಕೆ ದಾದಿಯ ಕೆಲಸ ಮಾಡಿ, ಸಂಮೋಹನ ವಿದ್ಯೆಯನ್ನು ಕಲಿತಿದ್ದವಳು. ಆತನ ಹಿಂದಿನ ವ್ಯಾಪಾರವೊಂದು ಸರಪಳಿ ವ್ಯವಹಾರವೆಂಬ ಆರೋಪಕ್ಕೆ ಸಿಕ್ಕಿ, ಹಲವು ಪ್ರಾಂತಗಳ ಸರ್ಕಾರಗಳು ಹೂಡಿದ ಕ್ರಮಗಳಿಂದ 1990ರ ದಶಕದಲ್ಲಿಯೇ ಕುಸಿದುಬಿದ್ದಿತ್ತು. ಇಷ್ಟಾದರೂ ವರ್ತಕರು, ನಟನಟಿಯರು, ಅಧಿಕಾರಿಗಳ ಮಕ್ಕಳು ಸಾವಿರಾರು ಡಾಲರು ತೆತ್ತು ಪಾಠಕ್ಕೆ ಬಂದರು. ಶಿಷ್ಯರ ಸಂಖ್ಯೆ ಕಾಲಕ್ರಮದಲ್ಲಿ 16,000ದಷ್ಟಾಯಿತು. ಸೀಗ್ರಾಂ ಮದ್ಯದ ಕಂಪೆನಿಯ ಬ್ರಾನ್ಫ್‌ಮನ್ ಮನೆತನದ ಇಬ್ಬರು ಹೆಣ್ಣುಮಕ್ಕಳು ಕೋಟಿಗಟ್ಟಲೆ ಹಣ ಸುರಿದರು. ವಿಸ್ಕಿಯ ಗಳಿಕೆಯು ಆತ್ಮಸಂಯಮದ ಪಾಠಶಾಲೆಗೆ ಹರಿದ ಈ ವಿಚಿತ್ರವನ್ನು ಪಾನನಿರೋಧವಾದಿಗಳಾದ ನಮ್ಮ ವಾಚಕರು ಗಮನಿಸದೆ ಇರಲಾರರು.

ಒಳಗಿನ ಏರ್ಪಾಡು ಹೀಗಿತ್ತು. ಎಲ್ಲರೂ ಕೊರಳಿಗೆ ಬಣ್ಣದ ಪಟ್ಟಿಯನ್ನು ಧರಿಸತಕ್ಕದ್ದು. ವಿದ್ಯಾರ್ಥಿಗೆ ಬಿಳಿ, ಕೋಚಿಗೆ ಹಳದಿ, ಅದರ ಮೇಲಿನವರಿಗೆ ಕಿತ್ತಳೆ, ಅನಂತರ ಹಸಿರು, ನೀಲಿ ಮುಂತಾದವು. ಒಂದೊಂದು ಬಣ್ಣದೊಳಗೂ ಗೆರೆಗಳು. ರನೀರಿಗೆ ‘ವ್ಯಾನ್‌ಗಾರ್ಡ್’ ಎಂದೂ ಸಾಲ್ಜ್‌ಮನ್‌ಗೆ ‘ಪ್ರಿಫೆಕ್ಟ್’ ಎಂದೂ ಬಿರುದು. ಮೇಲ್ದರ್ಜೆಯವರು ಕೋಣೆಗೆ ಬಂದರೆ ಕೆಳಗಿನವರು ಎದ್ದು ತಲೆಬಾಗಬೇಕು. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಸರೋವರದ ದಡದಲ್ಲಿ ಹತ್ತು ದಿನಗಳ ಉತ್ಸವ, ವ್ಯಾನ್‌ಗಾರ್ಡನ ಹುಟ್ಟುಹಬ್ಬಕ್ಕಾಗಿ. ಪ್ರಜಾಪ್ರಭುತ್ವದ ತವರೆನಿಸಿಕೊಳ್ಳುವ ದೇಶದಲ್ಲಿ ಇಂತಹ ದರಬಾರು!

ಇದೆಲ್ಲ ವೇಷದ ಮಾತು. ಹೊಟ್ಟೆಯ ಮಾತು ಬೇರೆಯೇ ಇತ್ತು. ಹಳದಿ ಪಟ್ಟಿಯ ಕೋಚುಗಳು ತರಗತಿ ನಡೆಸಿದರು, ಹೊಸಬರನ್ನು ಕರೆತಂದರು, ಕುರ್ಚಿಗಳನ್ನು ಜೋಡಿಸಿದರು, ರಾತ್ರಿಯ ತನಕ ಸಭೆಗಳಲ್ಲಿ ಕುಳಿತರು, ಇದಕ್ಕೆ ಸಂಬಳವಿರಲಿಲ್ಲ. ಕಿತ್ತಳೆ ಪಟ್ಟಿ ಬಂದ ಮೇಲೆಯೇ ದಲ್ಲಾಳಿಯ ಪಾಲಿನಂತೆ ಏನಾದರೂ ಸಿಗುವುದು. ಆ ಪಟ್ಟಿಯನ್ನು ಪಡೆಯಬೇಕಾದರೆ ಜನರನ್ನು ಸೇರಿಸಬೇಕು, ಅದಲ್ಲದೆ ತನ್ನ ಸ್ವಭಾವದೋಷಗಳನ್ನು ಗೆದ್ದೆನೆಂದು ಮೇಲಿನವರಿಂದ ಒಪ್ಪಿಸಿಕೊಳ್ಳಬೇಕು. ಬಡ್ತಿಯ ಕೀಲಿಕೈ ಎಲ್ಲಿತ್ತೆಂಬುದನ್ನು ಕಚೇರಿಯ ಅನುಭವವುಳ್ಳ ವಾಚಕರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಕೂಲಿಯಿಲ್ಲದ ಶ್ರಮವನ್ನು ನಾವು ಸಾರಾಸಗಟಾಗಿ ಹೀಗಳೆಯುವವರಲ್ಲ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಲಕ್ಷಾಂತರ ಸ್ವಯಂಸೇವಕರು ಕಾಸಿನ ಆಸೆಯಿಲ್ಲದೆ ದುಡಿದರು. ಆದರೆ ಅವರ ದುಡಿಮೆಯ ಫಲವು ಯಾರ ಪೆಟ್ಟಿಗೆಗೂ ಸೇರಲಿಲ್ಲ, ದೇಶಕ್ಕೆ ಸೇರಿತು. ಒಬ್ಬನು ದುಡಿದು ಇನ್ನೊಬ್ಬನ ಪೆಟ್ಟಿಗೆ ತುಂಬುವುದಾದರೆ ಅದಕ್ಕೆ ಸೇವೆಯೆಂಬ ಹೆಸರು ಸಲ್ಲದು. ನಮ್ಮ ಹಳ್ಳಿಗಳಲ್ಲಿ ಅದನ್ನು ಬಿಟ್ಟಿಯೆನ್ನುವರು. ನಮ್ಮ ಸಂವಿಧಾನದ 23ನೆಯ ವಿಧಿಯು ಬಲವಂತದ ಬಿಟ್ಟಿಯನ್ನು ನಿಷೇಧಿಸಿದೆ. 2018ರಲ್ಲಿ ಪೋಲೀಸರು ಸಾಲ್ಜ್‌ಮನ್‌ಳ ಮನೆಯನ್ನು ಶೋಧಿಸಿದಾಗ ಐದು ಲಕ್ಷ ಡಾಲರಿಗೂ ಮಿಕ್ಕ ನಗದು ದೊರೆಯಿತು.

ಇಷ್ಟು ದಿನ ಜನರು ಸಹಿಸಿಕೊಂಡು ಹೇಗಿದ್ದರು? ಈ ಪ್ರಶ್ನೆಗೆ ಉತ್ತರವು ಪಾಠಕ್ರಮದಲ್ಲಿಯೇ ಇತ್ತು. ಕೋಚು ಎದುರಿಗೆ ಕುಳಿತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಶಿಷ್ಯನ ಭಯ, ಅಸೂಯೆ, ಬಾಲ್ಯದ ಗಾಯ ಎಲ್ಲವನ್ನೂ ಹೊರತೆಗೆಯುವ ವಿಧಾನವೊಂದಿತ್ತು. ಅದರಿಂದ ಕೆಲವರಿಗೆ ನಿಜವಾಗಿಯೂ ಹಿತವಾಯಿತೆಂದು ಬಿಟ್ಟುಬಂದವರೇ ಹೇಳಿದ್ದಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಹೃದಯವನ್ನು ಬಿಚ್ಚಿದ್ದು ವೈದ್ಯನ ಮುಂದಲ್ಲ, ತನ್ನ ಬಡ್ತಿಯನ್ನು ಕೈಯಲ್ಲಿ ಹಿಡಿದ ಮೇಲಧಿಕಾರಿಯ ಮುಂದೆ. ಲೋಕದಲ್ಲಿ ಅಂತಿಮವಾಗಿ ಅನ್ಯಾಯಕ್ಕೆ ಈಡಾದವರೆಂಬುವರೇ ಇಲ್ಲ, ಹಾಗೆಂದುಕೊಳ್ಳುವವರ ದೌರ್ಬಲ್ಯ ಮಾತ್ರ ಉಂಟು ಎಂಬುದು ಅಲ್ಲಿಯ ಮೂಲತತ್ತ್ವಗಳಲ್ಲೊಂದು. ಸಂಬಳ ಬರಲಿಲ್ಲವೆಂದರೆ ನಿನಗೆ ಹಣದ ವಿಷಯದಲ್ಲಿ ಅಂಜಿಕೆಯಿದೆಯೆಂದು ತೀರ್ಪು; ದಣಿದೆನೆಂದರೆ ನಿನ್ನ ಮಾತಿನಲ್ಲಿ ನಿಲುಕಡೆಯಿಲ್ಲವೆಂದು ತೀರ್ಪು; ಗುರುವಿನ ನಡತೆಯನ್ನು ಪ್ರಶ್ನಿಸಿದರೆ ‘ದಮನಕಾರಿ’ಯೆಂಬ ಹಣೆಪಟ್ಟಿ. ಫಿರ್ಯಾದಿಯೇ ಆಪಾದಿತನಾಗುವ ಇಂತಹ ನ್ಯಾಯಸ್ಥಾನಕ್ಕೆ ಯಾರು ಹೋಗಿಯಾರು?

2009ರ ಏಪ್ರಿಲಿನಲ್ಲಿ ಒಂಬತ್ತು ಮಂದಿ ಮಹಿಳೆಯರು ಧೈರ್ಯಮಾಡಿದರು. ಅವರು ಬೀದಿಯವರಲ್ಲ, ಕಂಪೆನಿಯ ಮೇಲ್ಪಂಕ್ತಿಗೆ ಸೇರಿದವರು. ರನೀರಿಯನ್ನು ಮುಖಾಮುಖಿಯಾಗಿ ಕಂಡು ಹಣದ ವ್ಯವಹಾರದ ಮೇಲೂ, ಸ್ತ್ರೀಯರೊಡನೆ ಆತನ ವರ್ತನೆಯ ಮೇಲೂ ಪ್ರಶ್ನೆ ಹಾಕಿ, ಸಮಾಧಾನ ದೊರೆಯದೆ ಹೊರನಡೆದರು. ತಮಗೆ ಬರಬೇಕಾದ ಹಣವನ್ನು ಕೇಳಿ ಬರೆದ ಪತ್ರವನ್ನು ಕಂಪೆನಿಯು ಬೆದರಿಸಿ ಹಣ ಕೀಳುವ ಪ್ರಯತ್ನವೆಂದು ವರ್ಣಿಸಿತು. ಅವರಲ್ಲಿ ಕೆಲವರು ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದರು. ಅವರು ಬಿಟ್ಟ ಕೆಲವೇ ವಾರಗಳಲ್ಲಿ, ಮೇ 6ರಂದು, ನಮ್ಮ ದೇಶದಲ್ಲಿ ಆಶ್ರಯ ಪಡೆದಿರುವ ಪೂಜ್ಯ ದಲೈ ಲಾಮಾ ಅವರು ಕಂಪೆನಿಯ ಹಿತೈಷಿಗಳ ಆಹ್ವಾನದ ಮೇರೆಗೆ ಆಲ್ಬನಿಗೆ ದಯಮಾಡಿಸಿ ಭಾಷಣ ಮಾಡಿದರು. ವೇದಿಕೆಯ ಮೇಲೆ ರನೀರಿಯ ಕೊರಳಿಗೆ ಬಿಳಿಯ ವಸ್ತ್ರ ಬಿತ್ತು. ಒಂಬತ್ತು ಮಂದಿಯ ಮಾತಿಗಿಂತ ಆ ಒಂದು ಚಿತ್ರಕ್ಕೆ ಬೆಲೆ ಹೆಚ್ಚಾಯಿತೆಂದು ಊಹಿಸುವುದು ಕಷ್ಟವಲ್ಲ.

ಇವರೆಲ್ಲರಿಗಿಂತಲೂ ನಮ್ಮ ಮನಸ್ಸನ್ನು ಕಲಕಿದುದು ಮೆಕ್ಸಿಕೋ ದೇಶದ ಒಬ್ಬ ತರುಣಿಯ ಸಾಕ್ಷ್ಯ. ಕುಟುಂಬದೊಡನೆ ಬಂದು ಕಂಪೆನಿಯ ಆಶ್ರಯದಲ್ಲಿ ದುಡಿದ ಆಕೆಗೆ ಆ ದೇಶದಲ್ಲಿ ನೆಲೆಸಲು ಸರಿಯಾದ ಕಾಗದಪತ್ರವಿರಲಿಲ್ಲ. ರನೀರಿಯನ್ನು ಬಿಟ್ಟು ಬೇರೊಬ್ಬನಲ್ಲಿ ಮನಸ್ಸಿಟ್ಟಳೆಂಬುದು ಆಕೆಯ ಅಪರಾಧ. ಈ ‘ನೈತಿಕ ಲೋಪ’ವನ್ನು ತಿದ್ದಿಕೊಳ್ಳಬೇಕೆಂದು 2010ರಿಂದ ಎರಡು ವರ್ಷಗಳ ಸಮೀಪ ಒಂದು ಕೋಣೆಯಲ್ಲಿ ಇರಿಸಿದರು. ಬಾಗಿಲಿಗೆ ಬೀಗವಿರಲಿಲ್ಲ, ಹೊರಬಿದ್ದರೆ ಕಾಗದಪತ್ರವಿಲ್ಲದೆ ಗಡಿಯಾಚೆಗೆ ಕಳುಹಿಸುವೆವೆಂಬ ಮಾತೇ ಬೀಗವಾಗಿತ್ತು. ಆಕೆ ಪಶ್ಚಾತ್ತಾಪದ ಪತ್ರಗಳನ್ನು ಬರೆದಳು, ಬರೆದಳು, ಯಾವುದೂ ಸಾಲದೆಂದಾಯಿತು. ಕೊನೆಗೆ ಆಕೆ ಹೊರಬಂದಾಗ ಅವರು ಹೇಳಿದಂತೆಯೇ ಗಡಿಯ ಬಳಿ ಬಿಟ್ಟುಬಂದರು. ಕೋಣೆಯ ಮೇಲ್ವಿಚಾರಣೆ ನಡೆಸಿದವಳು ಸಾಲ್ಜ್‌ಮನ್‌ಳ ಮಗಳು ಲಾರೆನ್. ಮುಂದೆ ತಪ್ಪೊಪ್ಪಿಕೊಂಡು ಸರ್ಕಾರದ ಕಡೆಗೆ ಸಾಕ್ಷಿಯಾದಳು. ಆಕೆಯೂ ಕಂಪೆನಿಯ ಕೋಚೇ ಎಂಬುದನ್ನು ಮರೆಯಬಾರದು. ಕೆಟ್ಟ ಕೆಲಸವನ್ನು ಪರೋಪಕಾರವೆಂದು ನಂಬಿ ಮಾಡುವ ನೌಕರನನ್ನು ತಯಾರಿಸುವುದೇ ಇಂತಹ ನಾಯಕತ್ವದ ನಿಪುಣತೆ.

ಒಳಗೆ ದಾರಿಯಿಲ್ಲದಾಗ ಬಿಡುಗಡೆ ಬಂದುದು ಹೊರಗಿನಿಂದ. ಫೋರ್ಬ್ಸ್ ಪತ್ರಿಕೆಯು 2003ರಲ್ಲಿ, ಆಲ್ಬನಿಯ ಟೈಮ್ಸ್ ಯೂನಿಯನ್ ದಿನಪತ್ರಿಕೆಯು 2012ರಲ್ಲಿ ಒಳಗಿನ ಸಂಗತಿಗಳನ್ನು ಬರೆದವು. ಪಾಠಗಳ ಸಾರಾಂಶವನ್ನು ಪ್ರಕಟಿಸಿದ ಒಬ್ಬ ವಿಮರ್ಶಕನನ್ನು ಕಂಪೆನಿಯು ಹತ್ತು ವರ್ಷಕ್ಕೂ ಮೀರಿ ದಾವೆಯಲ್ಲಿ ಸಿಲುಕಿಸಿಟ್ಟಿತು. ಆ ಪ್ರಕಟನೆಯನ್ನು ತಡೆಯಬೇಕೆಂಬ ಪ್ರಾರ್ಥನೆಯನ್ನು ಮೇಲ್ಮನವಿಯ ನ್ಯಾಯಾಲಯವು 2004ರಲ್ಲಿಯೇ ತಳ್ಳಿಹಾಕಿತ್ತು. ಕಡೆಗೆ, 2017ರ ಅಕ್ಟೋಬರಿನಲ್ಲಿ, ಕೆನಡಾದ ವ್ಯಾಂಕೂವರ್ ಶಾಖೆಯನ್ನು ಕಟ್ಟಿದ ಸಾರಾ ಎಡ್ಮಂಡ್‌ಸನ್ ಎಂಬ ನಟಿಯು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಂದೆ ತನ್ನ ಮೈಮೇಲಿನ ಸುಟ್ಟ ಗುರುತನ್ನು ತೋರಿಸಿದಳು. ಸ್ತ್ರೀಯರ ಗುಪ್ತ ಕೂಟವೊಂದನ್ನು ಕಟ್ಟಿ, ಅವರ ಮಾನಕ್ಕೆ ಕುಂದು ತರುವ ಚಿತ್ರಗಳನ್ನೂ ಪತ್ರಗಳನ್ನೂ ಒತ್ತೆಯಾಗಿ ಇಟ್ಟುಕೊಂಡಿದ್ದ ಸಂಗತಿ ಆಗ ಬಯಲಾಯಿತು. ಅದರ ವಿವರ ಈ ಪುಟಕ್ಕೆ ತಕ್ಕುದಲ್ಲ.

ರನೀರಿಯು 2018ರ ಮಾರ್ಚಿಯಲ್ಲಿ ಮೆಕ್ಸಿಕೋದಲ್ಲಿ ಸೆರೆಸಿಕ್ಕಿದನು. 2019ರ ಜೂನ್ 19ರಂದು ಜ್ಯೂರಿಯು ಬಲವಂತದ ದುಡಿಮೆಯ ಒಳಸಂಚು ಮೊದಲಾದ ಎಲ್ಲ ಆಪಾದನೆಗಳಲ್ಲಿಯೂ ಅವನನ್ನು ಅಪರಾಧಿಯೆಂದು ಹೇಳಿತು. ಮರುವರ್ಷ ಅಕ್ಟೋಬರಿನಲ್ಲಿ 120 ವರ್ಷಗಳ ಶಿಕ್ಷೆಯಾಯಿತು. ಕ್ಲೇರ್ ಬ್ರಾನ್ಫ್‌ಮನ್‌ಗೆ 81 ತಿಂಗಳು, ನ್ಯಾನ್ಸಿ ಸಾಲ್ಜ್‌ಮನ್‌ಗೆ 42 ತಿಂಗಳು. ಕ್ಲೇರಳು ಒಪ್ಪಿಕೊಂಡ ಅಪರಾಧಗಳಲ್ಲೊಂದು ಶುದ್ಧ ಕೂಲಿಯ ವಿಷಯವೇ ಆಗಿತ್ತು: ಪರದೇಶದವರನ್ನು ಉದ್ಯೋಗದ ಆಸೆ ತೋರಿಸಿ ಕರೆಯಿಸಿ, ಹೇಳಿದ ಸಂಬಳವನ್ನು ಕೊಡದೆ, ಲಾಭಕ್ಕಾಗಿ ಅಕ್ರಮವಾಗಿ ಇರಿಸಿಕೊಂಡಿದ್ದಳು.

2021ರ ಜುಲೈಯಲ್ಲಿ ನ್ಯಾಯಾಧೀಶರು 21 ಮಂದಿಗೆ ಸುಮಾರು 34 ಲಕ್ಷ ಡಾಲರು ಪರಿಹಾರ ಕೊಡಬೇಕೆಂದೂ, ಒತ್ತೆಯಿಟ್ಟ ವಸ್ತುಗಳನ್ನು ಹಿಂತಿರುಗಿಸಬೇಕೆಂದೂ ರನೀರಿಗೆ ಆಜ್ಞೆ ಮಾಡಿದರು. ಹಳದಿ ಪಟ್ಟಿ ಧರಿಸಿ ಕುರ್ಚಿ ಜೋಡಿಸಿದ ಉಳಿದವರ ದಿನಗೂಲಿಯ ಲೆಕ್ಕವನ್ನು ಅಲ್ಲಿ ಯಾರೂ ಬರೆದಿಡಲಿಲ್ಲ.