ರಾಗಿಯ ಕೆಂಪು ಸಿಪ್ಪೆಯಲ್ಲಿರುವ ಸತ್ತ್ವ

ಕನಕಪುರ ತಾಲ್ಲೂಕಿನ ಮರಳು ಮಿಶ್ರಿತ ಕೆಂಪುಗೋಡು ಭೂಮಿಗೆ ಒಗ್ಗಿದ ಮಳೆಯಾಶ್ರಿತ ಬೆಳೆ ರಾಗಿ. ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಿನಲ್ಲಿ ಹಾಕಿ ರಾಗಿ ಬೆಳೆಯುವ ರೂಢಿ ಹಿಂದಿನಿಂದ ಬಂದದ್ದು. ಈಚಿನ ವರ್ಷಗಳಲ್ಲಿ ಈ ಭಾಗದ ರೈತರು ಕೇಳುತ್ತಿರುವ ಹೊಸ ಪ್ರಶ್ನೆಯೊಂದಿದೆ. ಬೆಂಗಳೂರಿನ ಅಂಗಡಿಗಳಲ್ಲಿ ರಾಗಿಯ ಹಲವು ಪಟ್ಟು ಬೆಲೆಗೆ ಮಾರುವ ಕಿನೋವಾ ಎಂಬ ಕಾಳಿನಲ್ಲಿ ಅಂಥ ವಿಶೇಷವೇನಿದೆ, ಅದನ್ನು ನಾವೂ ಬೆಳೆಯಬಾರದೇಕೆ? ಪ್ರಶ್ನೆ ಸಹಜವೇ. ಆದರೆ ಕಿನೋವಾದ ಗುಣಗಳನ್ನು ತಿಳಿಯಹೊರಟವರು ಮನೆಯ ಕಣಜದಲ್ಲಿರುವ ಕಾಳಿನ ಗುಣವನ್ನೂ ಅದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಕಿನೋವಾ ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಎತ್ತರದ ಬೆಟ್ಟಪ್ರದೇಶದ ಬೆಳೆ. ಇದು ಹುಲ್ಲಿನ ಜಾತಿಯದಲ್ಲ. ನಮ್ಮ ದಂಟು ಮತ್ತು ಪಾಲಕ್ ಸೊಪ್ಪುಗಳ ಕುಟುಂಬಕ್ಕೆ ಸೇರಿದ್ದು. ವಿಶ್ವಸಂಸ್ಥೆಯು 2013ನ್ನು ಕಿನೋವಾ ವರ್ಷವೆಂದು ಆಚರಿಸಿದ ಮೇಲೆ ಇದರ ಹೆಸರು ನಮ್ಮಲ್ಲಿಯೂ ಹಬ್ಬಿತು. ಇದರಲ್ಲಿ ಶೇ. 14ರ ಸುಮಾರಿಗೆ ಸಸಾರಜನಕವಿದ್ದು, ಏಕದಳ ಧಾನ್ಯಗಳಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವೂ ಸಾಕಷ್ಟಿದೆ. ಕ್ವರ್ಸಿಟಿನ್, ಕೆಂಫೆರಾಲ್ ಮುಂತಾದ ಫ್ಲೇವನಾಯ್ಡುಗಳೂ ಇವೆ. ಆದರೆ ಕಾಳಿನ ಮೇಲ್ಪದರದಲ್ಲಿ ಸಪೋನಿನ್ ಎಂಬ ಕಹಿ ವಸ್ತು ಇರುತ್ತದೆ. ಅಂಟುವಾಳ, ಸೀಗೆಕಾಯಿಗಳಲ್ಲಿ ನೊರೆ ಬರಿಸುವುದೂ ಇದೇ ಜಾತಿಯ ವಸ್ತು. ಗಿಡಕ್ಕೆ ಇದು ಹಕ್ಕಿಗಳಿಂದ ರಕ್ಷಣೆ. ತಿನ್ನುವವರಿಗೆ ಮಾತ್ರ ಉಪದ್ರವ. ಆದುದರಿಂದ ಕಾಳನ್ನು ಉಜ್ಜಿ, ನೊರೆ ಹೋಗುವವರೆಗೆ ತೊಳೆದು ಉಪಯೋಗಿಸಬೇಕು.

ರಾಗಿಯಲ್ಲಿ ಸ್ಥಿತಿ ಇದಕ್ಕೆ ತಿರುಗುಮುರುಗು. ರಾಗಿ ಕಾಳಿಗೆ ಎರಡು ಹೊದಿಕೆಗಳಿವೆ. ಹೊರಗಿನದು ತೆಳ್ಳನೆಯ ಸಡಿಲ ಪೊರೆ. ಕುಟ್ಟಿ ಕೇರಿದಾಗ ಹಾರಿಹೋಗುತ್ತದೆ, ಹೋದರೆ ನಷ್ಟವೇನಿಲ್ಲ. ಅದರ ಒಳಗಿರುವ ಕೆಂಪು ಸಿಪ್ಪೆ ಮೃದುವಾದ ಹಿಟ್ಟಿನ ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಭತ್ತದ ಸಿಪ್ಪೆಯಂತೆ ಇದನ್ನು ಸುಲಭವಾಗಿ ಬಿಡಿಸಲಾಗದು. ಆದ್ದರಿಂದಲೇ ನಮ್ಮ ಹಿರಿಯರು ರಾಗಿಯನ್ನು ಸಿಪ್ಪೆಯೊಡನೆ ಬೀಸಿ ಉಂಡರು. ಹಾಗೆ ಉಂಡದ್ದು ಅನಿವಾರ್ಯದಿಂದಲೇ ಇರಬಹುದು, ಆದರೆ ಲಾಭವಾಯಿತು. ಪಾಲಿಫಿನಾಲ್ ಎಂದು ಕರೆಯುವ ಉಪಯುಕ್ತ ಸಸ್ಯಜನ್ಯ ವಸ್ತುಗಳ ಬಹುಪಾಲು ಈ ಸಿಪ್ಪೆಯಲ್ಲಿಯೇ ಇದೆ. ಫೆರುಲಿಕ್ ಆಮ್ಲ, ಪ್ರೊಟೊಕ್ಯಾಟೆಚುಯಿಕ್ ಆಮ್ಲ, ಕ್ಯಾಟೆಚಿನ್ ಮತ್ತು ಟ್ಯಾನಿನ್‌ಗಳು ಇವುಗಳಲ್ಲಿ ಮುಖ್ಯವಾದವು. ಸುಣ್ಣದಂಶವೂ ಸಿಪ್ಪೆಯಲ್ಲಿ ಇಡೀ ಕಾಳಿನಲ್ಲಿರುವುದರ ಸುಮಾರು ಎರಡರಷ್ಟಿದೆ. ನೂರು ಗ್ರಾಂ. ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿ.ಗ್ರಾಂ. ಆಸುಪಾಸು ಮಾತ್ರ.

ಈ ಟ್ಯಾನಿನ್ ವಸ್ತುಗಳನ್ನು ವಿಜ್ಞಾನಿಗಳು ಮೊದಲು ಕಂಡದ್ದು ದೋಷವೆಂದೇ. 1977ರಲ್ಲಿ ಬೆಂಗಳೂರಿನ ವಿಜ್ಞಾನಿಗಳಾದ ರಾಮಚಂದ್ರ, ವಿರೂಪಾಕ್ಷ ಮತ್ತು ಷಡಕ್ಷರಸ್ವಾಮಿ ಅವರು ಹಲವು ರಾಗಿ ತಳಿಗಳನ್ನು ಪರೀಕ್ಷಿಸಿದಾಗ ಟ್ಯಾನಿನ್ ಅಂಶ ಶೇ. 0.04ರಿಂದ ಶೇ. 3ಕ್ಕೂ ಮೇಲೆ ಇದ್ದುದು ಕಂಡುಬಂದಿತು. ಬಿಳಿ ರಾಗಿಯಲ್ಲಿ ಅತ್ಯಲ್ಪ, ಕಂದು ರಾಗಿಯಲ್ಲಿ ಹೆಚ್ಚು. ಟ್ಯಾನಿನ್ ಹೆಚ್ಚಿದಂತೆಲ್ಲ ಸಸಾರಜನಕದ ಜೀರ್ಣತೆ ಕಡಿಮೆಯಾಗುತ್ತಿತ್ತು. ಬಿಳಿ ರಾಗಿಯೇ ಮೇಲು ಎಂಬ ಭಾವನೆ ಬಲವಾಗಲು ಇಂಥ ಫಲಿತಾಂಶಗಳೂ ಕಾರಣ.

ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ನಡೆದ ಸಂಶೋಧನೆಗಳು ಈ ಚಿತ್ರದ ಇನ್ನೊಂದು ಮುಖವನ್ನು ತೋರಿಸಿದವು. ಸಿಪ್ಪೆಯಿಂದ ತೆಗೆದ ಪಾಲಿಫಿನಾಲ್‌ಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಬೂಷ್ಟು ಮತ್ತು ಕೆಲವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನೂ ಇವು ಕುಗ್ಗಿಸುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಯೋಗಶಾಲೆಯ ಗುಣವನ್ನು ಊಟದ ತಟ್ಟೆಯ ಗುಣವೆಂದು ಹಾಗೆಯೇ ತಿಳಿಯಬಾರದು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಸಕ್ಕರೆ ಕಾಯಿಲೆಯವರು ರಾಗಿಯನ್ನು ಔಷಧಿ ಎಂದುಕೊಂಡು ಮುದ್ದೆಯ ಗಾತ್ರ ಹೆಚ್ಚಿಸುವುದು ತಪ್ಪು.

ಕಬ್ಬಿಣದ ವಿಷಯದಲ್ಲಿ ಹಳೆಯ ಆಕ್ಷೇಪಣೆ ಈಗಲೂ ನಿಲ್ಲುತ್ತದೆ. ರಾಗಿಯಲ್ಲಿ ನೂರು ಗ್ರಾಂ.ಗೆ 4 ಮಿ.ಗ್ರಾಂ. ಸುಮಾರು ಕಬ್ಬಿಣವಿದೆ. ಟ್ಯಾನಿನ್ ಮತ್ತು ಫೈಟಿಕ್ ಆಮ್ಲಗಳು ಇದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಅಲ್ಪಭಾಗವೇ. ದಿನವೂ ಮುದ್ದೆ ಉಣ್ಣುವ ಮನೆಗಳಲ್ಲಿಯೂ ಹೆಂಗಸರು ಮತ್ತು ಮಕ್ಕಳಲ್ಲಿ ರಕ್ತಹೀನತೆ ಕಾಣುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಸಿಪ್ಪೆಯನ್ನೇ ತೆಗೆದರೆ ಸುಣ್ಣದಂಶ, ನಾರು, ಪಾಲಿಫಿನಾಲ್ ಎಲ್ಲವೂ ಹೋಗುತ್ತವೆ.

ಇದಕ್ಕೆ ಉಪಾಯ ಮೊಳಕೆ ಕಟ್ಟುವುದು. ಕಲ್ಲು ಮಣ್ಣು ಆರಿಸಿ ತೊಳೆದ ರಾಗಿಯನ್ನು ಸಂಜೆ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ನೆರಳಿನಲ್ಲಿಡಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ದಿನಕ್ಕೊಮ್ಮೆ ತೊಳೆಯದಿದ್ದರೆ ಹುಳಿವಾಸನೆ ಬರುತ್ತದೆ. ಮೊಳಕೆ ಬಂದ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ, ಹದವಾಗಿ ಹುರಿದು ಬೀಸಿಡಬೇಕು. ಮೊಳಕೆಯೊಡೆಯುವಾಗ ಕಾಳಿನೊಳಗಿನ ಕಿಣ್ವಗಳು ಫೈಟಿಕ್ ಆಮ್ಲವನ್ನು ಒಡೆಯುತ್ತವೆ, ಟ್ಯಾನಿನ್ ಸಹ ತಗ್ಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮೊಳಕೆ ರಾಗಿಯಿಂದ ಕಬ್ಬಿಣ ಹೆಚ್ಚಾಗಿ ದೊರೆಯುವುದು ಸ್ಪಷ್ಟವಾಯಿತು. ಎಳೆಯ ಮಕ್ಕಳಿಗೆ ಮೊಳಕೆ ರಾಗಿಯ ಅಂಬಲಿ ಕೊಡುವ ನಮ್ಮ ಅಜ್ಜಿಯರ ಪದ್ಧತಿಗೆ ಇದು ಒಳ್ಳೆಯ ಸಮರ್ಥನೆ. ಮುದ್ದೆಯ ಜೊತೆಗೆ ಮೊಸಪ್ಪು, ನಿಂಬೆಹುಳಿ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಇನ್ನಷ್ಟು ದಕ್ಕುತ್ತದೆ. ಅವರೆ, ಹುರುಳಿಗಳ ಸಾರು ಲೈಸಿನ್ ಕೊರತೆಯನ್ನು ತುಂಬುತ್ತದೆ. ಉಂಡ ಕೂಡಲೇ ಕಾಫಿ, ಟೀ ಕುಡಿಯುವುದನ್ನು ಬಿಡಬೇಕು. ಅವುಗಳಲ್ಲಿಯೂ ಇದೇ ಗುಂಪಿನ ವಸ್ತುಗಳಿದ್ದು ಕಬ್ಬಿಣವನ್ನು ಕಟ್ಟಿಹಾಕುತ್ತವೆ.

ಇನ್ನು ಜರಡಿಯ ಮಾತು. ಮುದ್ದೆ ನುಣುಪಾಗಲಿ, ಬಣ್ಣ ತಿಳಿಯಾಗಲಿ ಎಂದು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಟ್ಟು ಸೋಸಿ, ಉಳಿದ ಕೆಂಪು ತರಿಯನ್ನು ಕಲಗಚ್ಚಿನ ಬಾನಿಗೆ ಸುರಿಯುವ ಅಭ್ಯಾಸ ಈಗ ಹಳ್ಳಿಗಳಿಗೂ ಬಂದಿದೆ. ಹಸುವಿಗೆ ಒಳ್ಳೆಯದೇ ಆಯಿತು, ನಿಜ. ಆದರೆ ಮನೆಯವರು ಬೆವರು ಸುರಿಸಿ ಬೆಳೆದ ಸುಣ್ಣದಂಶವನ್ನು ಹೀಗೆ ಬಾನಿಗೆ ಸುರಿದು, ಮಂಡಿನೋವಿಗೆಂದು ಸುಣ್ಣದ ಮಾತ್ರೆಯನ್ನು ಪೇಟೆಯಿಂದ ಕೊಂಡುತರುವುದು ಯಾವ ಲೆಕ್ಕ? ಕಾಳನ್ನು ಚೆನ್ನಾಗಿ ಹಸನು ಮಾಡಿದರೆ ಹಿಟ್ಟನ್ನು ಜರಡಿ ಹಿಡಿಯುವ ಅವಶ್ಯಕತೆಯೇ ಇರುವುದಿಲ್ಲ. ಇದ್ದರೂ ದೊಡ್ಡ ಕಣ್ಣಿನ ಜರಡಿ ಸಾಕು.

ತಳಿಯ ಆಯ್ಕೆಯಲ್ಲಿಯೂ ಇದೇ ವಿಚಾರ ಬರುತ್ತದೆ. ಬೇಕರಿ ತಿನಿಸು, ಶಾವಿಗೆ ಮಾಡುವವರು ಬಿಳಿ ರಾಗಿ ಕೇಳುತ್ತಾರೆ, ಮಂಡ್ಯದ ವಿ.ಸಿ. ಫಾರಂನಿಂದ ಬಂದ ಕೆ.ಎಂ.ಆರ್. 340 ಅಂಥ ತಳಿ. ಖಚಿತ ಕೊಳ್ಳುಗರಿದ್ದರೆ ಸ್ವಲ್ಪ ಜಾಗದಲ್ಲಿ ಬೆಳೆಯಲು ಅಡ್ಡಿಯಿಲ್ಲ. ಆದರೆ ಸಿಪ್ಪೆಯ ಪಾಲಿಫಿನಾಲ್ ಗಿಡಕ್ಕೂ ಕಾಳಿಗೂ ಕಾವಲುಗಾರ. ಸಾಮಾನ್ಯವಾಗಿ ಬಿಳಿ ರಾಗಿಗೆ ಬೆಂಕಿರೋಗದ ಬಾಧೆ ಹೆಚ್ಚು. ಕಟಾವಿನ ಕಾಲದಲ್ಲಿ ಮಳೆ ಹಿಡಿದರೆ ತೆನೆಗೆ ಬೂಷ್ಟು ಬೇಗ ತಗಲುತ್ತದೆ. ಕಂದು ರಾಗಿಯನ್ನು ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲ ಕಳೆಯುತ್ತಿದ್ದರಲ್ಲ, ಆ ಬಾಳಿಕೆಗೆ ಕಾಳಿನ ಸಣ್ಣ ಗಾತ್ರದ ಜೊತೆಗೆ ಈ ಸಿಪ್ಪೆಯ ಕಸುವೂ ಕಾರಣ. ಆದ್ದರಿಂದ ಮನೆಯೂಟಕ್ಕೆ ಬೇಕಾದ ರಾಗಿಯ ಮಟ್ಟಿಗೆ ಬೆಂಕಿರೋಗ ತಡೆದುಕೊಳ್ಳುವ ಜಿ.ಪಿ.ಯು. 28 ಅಥವಾ ಎಂ.ಎಲ್. 365ರಂಥ ಕಂದು ತಳಿಗಳನ್ನೇ ಹಾಕುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಬಿತ್ತನೆ ಬೀಜ ಮತ್ತು ಹೆಚ್ಚಿನ ವಿವರಗಳಿಗೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ ಮುಂಗಾರಿಗೆ ಮುಂಚಿತವಾಗಿಯೇ ವಿಚಾರಿಸಬಹುದು.